ದರ್ಜೆ, ಹುದ್ದೆ, ಬಿರುದು: ಸೇನಾ ಪದವಿಗಳ ಬಗ್ಗೆ ಓದುಗರ ಪ್ರಶ್ನೆಗಳು

ಪರಮವೀರ ಚಕ್ರ ಪುರಸ್ಕೃತ ರಾಮ ರಾಘೋಬಾ ರಾಣೆಯವರ ಕುರಿತು ಕಳೆದ ಸಂಚಿಕೆಯ ಈ ಅಂಕಣದಲ್ಲಿ ಪ್ರಕಟವಾದ ಚಿಕ್ಕ ಉತ್ತರವೊಂದು ಉತ್ತರ ಕನ್ನಡದ ಹಲವು ಊರುಗಳಿಂದ ಪತ್ರಗಳನ್ನು ತಂದಿದೆ. ಕೇಳಿದವರು ಬೇರೆಬೇರೆಯಾದರೂ ಎಲ್ಲರ ಗೊಂದಲದ ಬೇರು ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಸೇನಾ ಪದವಿಗಳ ವಿಷಯಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ರಾಣೆಯವರನ್ನು ಎಲ್ಲರೂ ‘ಮೇಜರ್ ರಾಣೆ’ ಎನ್ನುತ್ತಾರೆ. ಆದರೆ ಪರಮವೀರ ಚಕ್ರದ ಪಟ್ಟಿಯಲ್ಲಿ ಅವರ ಹೆಸರಿನ ಹಿಂದೆ ‘ಸೆಕೆಂಡ್ ಲೆಫ್ಟಿನೆಂಟ್’ ಎಂದಿದೆ. ಯಾವುದು ಸರಿ? ಸಾಮಾನ್ಯ ಸೈನಿಕನಾಗಿ ಸೇರಿದವರು ಅಧಿಕಾರಿಯಾಗಲು ಸಾಧ್ಯವೇ?
— ಪದವಿ ವಿದ್ಯಾರ್ಥಿ, ಕಾರವಾರ

ಎರಡೂ ಸರಿ. ಕಾರವಾರ ತಾಲ್ಲೂಕಿನ ಚೆಂಡಿಯಾದಲ್ಲಿ 1918ರ ಜೂನ್ 26ರಂದು ಹುಟ್ಟಿದ ರಾಣೆಯವರು 1940ರಲ್ಲಿ ಬಾಂಬೆ ಎಂಜಿನಿಯರ್ಸ್ ದಳಕ್ಕೆ ಸಾಮಾನ್ಯ ಸೈನಿಕರಾಗಿಯೇ ಸೇರಿದರು. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ರಣರಂಗವನ್ನು ಕಂಡು, ನಾಯಕ್, ಹವಾಲ್ದಾರ್, ಜಮಾದಾರ್ ಎಂಬ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿ, 1947ರ ಡಿಸೆಂಬರ್‌ನಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಆದರು. ಅದಾಗಿ ನಾಲ್ಕು ತಿಂಗಳು ತುಂಬುವುದರೊಳಗೆ, 1948ರ ಏಪ್ರಿಲ್ 8ರಂದು, ನೌಶೇರಾದಿಂದ ರಾಜೌರಿಗೆ ಹೋಗುವ ರಸ್ತೆಯಲ್ಲಿ ನೆಲಬಾಂಬುಗಳನ್ನೂ ಅಡೆತಡೆಗಳನ್ನೂ ತೆಗೆಯುವ ತಂಡದ ಹೊಣೆ ಅವರ ಮೇಲೆ ಬಿತ್ತು. ಕೆಲಸ ಶುರುವಾಗುವ ಮೊದಲೇ ಶತ್ರುಗಳ ಮಾರ್ಟರ್ ಗುಂಡುಗಳು ಬಿದ್ದು, ತಂಡದ ಇಬ್ಬರು ಸತ್ತರು. ರಾಣೆಯವರೂ ಸೇರಿ ಐವರು ಗಾಯಗೊಂಡರು. ಆದರೂ ಆ ದಿನದಿಂದ ಏಪ್ರಿಲ್ 11ರವರೆಗೆ ಅವರು ದಾರಿ ಬಿಡಿಸುವ ಕೆಲಸವನ್ನು ನಿಲ್ಲಿಸಲಿಲ್ಲ. ಚಲಿಸುವ ಟ್ಯಾಂಕಿನ ಅಡಿಯಲ್ಲೇ ತೆವಳುತ್ತ, ಹಗ್ಗದ ಸಂಜ್ಞೆಯಿಂದ ಚಾಲಕನಿಗೆ ನಿಲ್ಲು, ಹೊರಡು ಎಂದು ತಿಳಿಸುತ್ತ ಅವರು ಮುಂದೆ ಸಾಗಿದರು. ಪರಮವೀರ ಚಕ್ರವನ್ನು ಜೀವಂತವಾಗಿ ಸ್ವೀಕರಿಸಿದ ಮೊದಲಿಗರು ಅವರೇ. 1968ರಲ್ಲಿ ನಿವೃತ್ತರಾಗುವಾಗ ಅವರು ಮೇಜರ್ ಆಗಿದ್ದರು. ಪುರಸ್ಕಾರದ ಪಟ್ಟಿ ಸಾಹಸದ ದಿನ ಇದ್ದ ದರ್ಜೆಯನ್ನು ಹೇಳಿದರೆ, ಜನರ ಮಾತು ನಿವೃತ್ತಿಯ ದಿನದ ದರ್ಜೆಯನ್ನು ಹೇಳುತ್ತದೆ. ಸೆಕೆಂಡ್ ಲೆಫ್ಟಿನೆಂಟ್ ಎಂಬ ದರ್ಜೆ ನಮ್ಮ ಭೂಸೇನೆಯಲ್ಲಿ ಈಗ ಬಳಕೆಯಲ್ಲಿಲ್ಲ. ಹೊಸ ಅಧಿಕಾರಿಗಳು ನೇರವಾಗಿ ಲೆಫ್ಟಿನೆಂಟ್ ಆಗಿಯೇ ಸೇವೆ ಆರಂಭಿಸುತ್ತಾರೆ.

ಇಲ್ಲಿ ಮೂರು ಮಾತುಗಳನ್ನು ಬೇರೆಬೇರೆಯಾಗಿ ಹಿಡಿದುಕೊಂಡರೆ ಮುಂದಿನ ಉತ್ತರಗಳೂ ಸುಲಭವಾಗುತ್ತವೆ. ದರ್ಜೆ ಎಂದರೆ ವ್ಯಕ್ತಿ ಎಲ್ಲಿಗೆ ಹೋದರೂ ಅವನ ಭುಜದ ಮೇಲೆ ಜೊತೆಯಲ್ಲೇ ಹೋಗುವ ಸ್ಥಾನ. ಹುದ್ದೆ ಎಂದರೆ ಇಂತಿಷ್ಟು ಕಾಲ ಅವನ ಕೈಗೆ ಒಪ್ಪಿಸಿದ ಹೊಣೆ. ವರ್ಗಾವಣೆಯಾದ ದಿನ ಅದು ಮುಂದಿನವರ ಪಾಲು. ಬಿರುದು ಅಥವಾ ಪದಕ ಎಂದರೆ ಮಾಡಿದ ಕೆಲಸಕ್ಕೆ ಸಂದ ಗೌರವ. ಅದರಿಂದ ಯಾರಿಗೂ ಆಜ್ಞೆ ಮಾಡುವ ಅಧಿಕಾರ ಬರುವುದಿಲ್ಲ. ರಾಣೆಯವರ ದರ್ಜೆ ಅಧಿಕಾರಿಗಳಲ್ಲೇ ಕೆಳಗಿನದು, ಹುದ್ದೆ ಒಂದು ಚಿಕ್ಕ ತಂಡದ ಮುಖ್ಯಸ್ಥನದು, ಪಡೆದ ಗೌರವ ದೇಶದ ಯುದ್ಧಕಾಲದ ಶೌರ್ಯ ಪುರಸ್ಕಾರಗಳಲ್ಲೇ ಎಲ್ಲಕ್ಕಿಂತ ದೊಡ್ಡದು. ಇಡೀ ಟ್ಯಾಂಕ್ ಪಡೆಯ ಹಿರಿಯ ಅಧಿಕಾರಿಗಳೆಲ್ಲ ಆ ಮೂರು ನಾಲ್ಕು ದಿನ ಈ ಕಿರಿಯ ಅಧಿಕಾರಿ ದಾರಿ ಬಿಡಿಸಿಕೊಡುವುದನ್ನೇ ಕಾಯಬೇಕಾಗಿತ್ತು.

ಪ್ರಶ್ನೆ: ನಮ್ಮ ಮನೆಯಲ್ಲಿ ಬಾಡಿಗೆಗಿರುವ ನೌಕಾಪಡೆಯವರು ಲೆಫ್ಟಿನೆಂಟ್. ನನ್ನ ಅಣ್ಣನ ಮಗನೂ ಭೂಸೇನೆಯಲ್ಲಿ ಲೆಫ್ಟಿನೆಂಟ್. ಇಬ್ಬರೂ ಸಮಾನರೇ? ಹಡಗಿನ ಕ್ಯಾಪ್ಟನ್ ಮತ್ತು ಭೂಸೇನೆಯ ಕ್ಯಾಪ್ಟನ್ ಒಂದೇ ಅಲ್ಲವೇ?
— ಗೃಹಿಣಿ, ಕಾರವಾರ

ಸಮಾನರಲ್ಲ. ನೌಕಾಪಡೆಯ ಲೆಫ್ಟಿನೆಂಟ್ ಭೂಸೇನೆಯ ಕ್ಯಾಪ್ಟನ್‌ಗೆ ಸಮ. ನಿಮ್ಮ ಅಣ್ಣನ ಮಗನಿಗೆ ಸರಿದೊರೆಯಾದವರು ನೌಕಾಪಡೆಯ ಸಬ್ ಲೆಫ್ಟಿನೆಂಟ್. ಹಾಗೆಯೇ ಮೇಲೇರುತ್ತ ಹೋದರೆ ನೌಕಾಪಡೆಯ ಲೆಫ್ಟಿನೆಂಟ್ ಕಮಾಂಡರ್ ಭೂಸೇನೆಯ ಮೇಜರ್‌ಗೆ, ಕಮಾಂಡರ್ ಲೆಫ್ಟಿನೆಂಟ್ ಕರ್ನಲ್‌ಗೆ, ಕ್ಯಾಪ್ಟನ್ ಕರ್ನಲ್‌ಗೆ, ಕಮೊಡೋರ್ ಬ್ರಿಗೇಡಿಯರ್‌ಗೆ ಸಮ. ವಾಯುಪಡೆಯ ಗ್ರೂಪ್ ಕ್ಯಾಪ್ಟನ್ ಕೂಡ ಕರ್ನಲ್‌ಗೇ ಸಮ. ಹೀಗಾಗಿ ಅರ್ಗಾದ ನೌಕಾನೆಲೆಯಲ್ಲಿ ಕ್ಯಾಪ್ಟನ್ ಎನಿಸಿಕೊಂಡವರು ಭೂಸೇನೆಯ ಕ್ಯಾಪ್ಟನ್‌ಗಿಂತ ಮೂರು ಮೆಟ್ಟಿಲು ಮೇಲಿನವರು.

ಈ ವ್ಯತ್ಯಾಸಕ್ಕೆ ಕಾರಣ ಹಳೆಯದು. ಕ್ಯಾಪ್ಟನ್ ಎಂಬ ಮಾತು ‘ತಲೆ’ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದಿದೆ. ನಮ್ಮಲ್ಲಿ ‘ತಲೆಯಾಳು’ ಎನ್ನುವ ಹಾಗೆ. ಯುರೋಪಿನ ಭೂಸೇನೆಗಳಲ್ಲಿ ಕ್ಯಾಪ್ಟನ್ ಸುಮಾರು ನೂರು ಜನರ ಒಂದು ಕಂಪನಿಗೆ ತಲೆಯಾದ, ಸಮುದ್ರದಲ್ಲಿ ಅವನು ಇಡೀ ಹಡಗಿಗೇ ತಲೆಯಾದ. ದೊಡ್ಡ ಯುದ್ಧನೌಕೆಯೊಂದರಲ್ಲಿ ನೂರಾರು ಜನ, ಹತ್ತಾರು ಫಿರಂಗಿ, ದಡ ಕಾಣದಲ್ಲಿ ಕೇಳಲು ಮೇಲಿನವರೊಬ್ಬರೂ ಇಲ್ಲದ ಸ್ಥಿತಿ. ಹೀಗೆ ಒಂದೇ ಪದ ಎರಡು ತೂಕ ಪಡೆಯಿತು. ಲೆಫ್ಟಿನೆಂಟ್ ಎಂಬುದು ‘ಇನ್ನೊಬ್ಬರ ಸ್ಥಾನದಲ್ಲಿ ನಿಲ್ಲುವವನು’ ಎಂಬ ಅರ್ಥದ ಫ್ರೆಂಚ್ ಮಾತು. ಯಾರ ಸ್ಥಾನದಲ್ಲಿ ನಿಲ್ಲುತ್ತಾನೆ ಎಂಬುದರ ಮೇಲೆ ಅವನ ತೂಕವೂ ಏರಿಳಿಯಿತು.

ಇನ್ನೊಂದು ಸೂಕ್ಷ್ಮವಿದೆ. ನೌಕೆಯ ಮೇಲೆ ಕ್ಯಾಪ್ಟನ್ ಎಂಬುದು ದರ್ಜೆಯೂ ಹೌದು, ಹುದ್ದೆಯನ್ನು ಕರೆಯುವ ವಾಡಿಕೆಯ ಹೆಸರೂ ಹೌದು. ಟಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಚಪಲ್ ಯುದ್ಧನೌಕೆಯನ್ನು ನೀವು ಹತ್ತಿಳಿದಿರಬಹುದು. ಅದರ ಒಳಗಿನ ಇಕ್ಕಟ್ಟಾದ ಓಣಿಯಲ್ಲಿ ಇಬ್ಬರು ಎದುರುಬದುರಾದರೆ ಒಬ್ಬರು ಮೈ ಓರೆ ಮಾಡಿ ದಾರಿ ಬಿಡಬೇಕು, ಅಷ್ಟು ಚಿಕ್ಕದು. ಅದೇ ಬಗೆಯ ಕ್ಷಿಪಣಿ ದೋಣಿಗಳಾದ ನಿಪಾತ್, ನಿರ್ಘಾತ್ ಮತ್ತು ವೀರ್ 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ದಾಳಿ ಮಾಡಿದಾಗ, ಮೂರರ ಮುಖ್ಯಸ್ಥರೂ ಲೆಫ್ಟಿನೆಂಟ್ ಕಮಾಂಡರ್ ದರ್ಜೆಯವರಾಗಿದ್ದರು. ಮೂರನ್ನೂ ಒಟ್ಟಾಗಿ ನಡೆಸಿದ ಬಬ್ರು ಭಾನ್ ಯಾದವ್ ಅವರು ಕಮಾಂಡರ್ ದರ್ಜೆಯವರು. ಕ್ಯಾಪ್ಟನ್ ದರ್ಜೆ ಯಾವ ದೋಣಿಯಲ್ಲೂ ಇರಲಿಲ್ಲ. ಆದರೂ ತನ್ನ ದೋಣಿಯ ಮಟ್ಟಿಗೆ ಪ್ರತಿಯೊಬ್ಬ ಮುಖ್ಯಸ್ಥನೂ ಅದರ ಕ್ಯಾಪ್ಟನ್. ಐಎನ್‌ಎಸ್ ವಿಕ್ರಮಾದಿತ್ಯದಂಥ ವಿಮಾನವಾಹಕ ನೌಕೆಗೆ ಮಾತ್ರ ಕ್ಯಾಪ್ಟನ್ ಅಥವಾ ಕಮೊಡೋರ್ ದರ್ಜೆಯವರೇ ಬೇಕು. ಕರ್ನಾಟಕ ನೌಕಾ ವಲಯದ ಮುಖ್ಯಸ್ಥರು ರಿಯರ್ ಅಡ್ಮಿರಲ್. ಅವರ ಮೇಲೆ ಮುಂಬೈಯ ಪಶ್ಚಿಮ ನೌಕಾ ಕಮಾಂಡಿನ ವೈಸ್ ಅಡ್ಮಿರಲ್.

ಗುರುತಿಸುವುದು ಹೇಗೆ ಎಂದು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ನೌಕಾಧಿಕಾರಿಯ ಭುಜಪಟ್ಟಿಯ ಮೇಲಿನ ಚಿನ್ನದ ಪಟ್ಟೆಗಳನ್ನು ಎಣಿಸಿ. ಸಬ್ ಲೆಫ್ಟಿನೆಂಟ್‌ಗೆ ಒಂದು, ಲೆಫ್ಟಿನೆಂಟ್‌ಗೆ ಎರಡು, ಲೆಫ್ಟಿನೆಂಟ್ ಕಮಾಂಡರ್‌ಗೆ ಆ ಎರಡರ ನಡುವೆ ಒಂದು ತೆಳು ಗೆರೆ, ಕಮಾಂಡರ್‌ಗೆ ಮೂರು, ಕ್ಯಾಪ್ಟನ್‌ಗೆ ನಾಲ್ಕು. ಅಡ್ಮಿರಲ್ಲುಗಳ ಭುಜಪಟ್ಟಿಯ ವಿನ್ಯಾಸ 2023ರ ಡಿಸೆಂಬರ್‌ನಲ್ಲಿ ಬದಲಾಗಿದ್ದು, ಅದರಲ್ಲಿ ಶಿವಾಜಿಯ ರಾಜಮುದ್ರೆಯನ್ನು ನೆನಪಿಸುವ ಅಷ್ಟಕೋನವಿದೆ.

ಪ್ರಶ್ನೆ: ಮೇಜರ್ ಎಂಬ ದರ್ಜೆ ಲೆಫ್ಟಿನೆಂಟ್‌ಗಿಂತ ಮೇಲಿನದು. ಹಾಗಿರುವಾಗ ಮೇಜರ್ ಜನರಲ್ ಮಾತ್ರ ಲೆಫ್ಟಿನೆಂಟ್ ಜನರಲ್‌ಗಿಂತ ಕೆಳಗಿರುವುದು ಏಕೆ?
— ಬ್ಯಾಂಕ್ ಉದ್ಯೋಗಿ, ಹೊನ್ನಾವರ

ಸುಮಾರು 350 ವರ್ಷಗಳ ಹಿಂದಿನ ಇಂಗ್ಲಿಷ್ ಸೇನೆಯಲ್ಲಿ ಕಂಪನಿಗೆ ಕ್ಯಾಪ್ಟನ್, ಅವನ ಬದಲಿಗೆ ನಿಲ್ಲುವ ಲೆಫ್ಟಿನೆಂಟ್, ಅವರ ಕೆಳಗೆ ಸಾರ್ಜೆಂಟ್ ಇದ್ದಂತೆಯೇ, ಇಡೀ ಸೇನೆಗೆ ಕ್ಯಾಪ್ಟನ್ ಜನರಲ್, ಲೆಫ್ಟಿನೆಂಟ್ ಜನರಲ್, ಸಾರ್ಜೆಂಟ್ ಮೇಜರ್ ಜನರಲ್ ಎಂಬ ಮೂವರಿದ್ದರು. ಕಾಲಾಂತರದಲ್ಲಿ ಮೊದಲನೆಯದರಿಂದ ‘ಕ್ಯಾಪ್ಟನ್’ ಉದುರಿ ಬರಿಯ ಜನರಲ್ ಉಳಿಯಿತು, ಮೂರನೆಯದರಿಂದ ‘ಸಾರ್ಜೆಂಟ್’ ಉದುರಿ ಮೇಜರ್ ಜನರಲ್ ಉಳಿಯಿತು. ಉದುರಿದ ಆ ಒಂದು ಪದವನ್ನು ಮತ್ತೆ ಸೇರಿಸಿ ಓದಿದರೆ ಕ್ರಮ ನೇರವಾಗಿಯೇ ಇದೆ.

ಪ್ರಶ್ನೆ: ನಮ್ಮದು ಅಂಕೋಲೆ ಕಡೆಯ ನಾಯಕ ಮನೆತನ. ಪಕ್ಕದ ಮನೆಯವರು ನಾಯ್ಕ. ಸೇನೆಯಲ್ಲಿ ‘ನಾಯಕ್’ ಎಂಬುದು ಬಹಳ ಕೆಳಗಿನ ದರ್ಜೆ ಎಂದು ನನ್ನ ಮಗ ಹೇಳುತ್ತಾನೆ. ವಿಜಯನಗರದ ನಾಯಕರು, ಕೆಳದಿಯ ನಾಯಕರು ರಾಜರಾಗಿದ್ದರಲ್ಲ? ಒಂದೇ ಪದ ಇಷ್ಟು ಕೆಳಗಿಳಿದದ್ದು ಹೇಗೆ?
— ಕೃಷಿಕ, ಅಂಕೋಲಾ ತಾಲ್ಲೂಕು

ಈ ತಿಂಗಳು ಬಂದ ಪತ್ರಗಳಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದಿಟ್ಟದ್ದು ಇದು. ಪದ ಒಂದೇ, ‘ಮುನ್ನಡೆಸುವವನು’ ಎಂಬ ಸಂಸ್ಕೃತದ ನಾಯಕನೇ ಮೂರೂ ಕಡೆ ಇರುವುದು. ಆದರೆ ಎಷ್ಟು ಜನರನ್ನು ಮುನ್ನಡೆಸುತ್ತಾನೆ ಎಂಬುದನ್ನು ಪದ ತಾನಾಗಿ ಹೇಳುವುದಿಲ್ಲ. ಅದನ್ನು ಆಯಾ ಕಾಲದ ಸೇನೆ ನಿರ್ಧರಿಸುತ್ತದೆ.

ಕೌಟಿಲ್ಯನ ಅರ್ಥಶಾಸ್ತ್ರದಿಂದ ಹೊರಡೋಣ. ಸೇನೆಯ ಹತ್ತು ಅಂಗಗಳಿಗೆ ಒಬ್ಬ ಪದಿಕ, ಹತ್ತು ಪದಿಕರಿಗೆ ಒಬ್ಬ ಸೇನಾಪತಿ, ಹತ್ತು ಸೇನಾಪತಿಗಳಿಗೆ ಒಬ್ಬ ನಾಯಕ ಎಂದು ಹತ್ತನೆಯ ಅಧಿಕರಣ ಹೇಳುತ್ತದೆ. ಅಂದರೆ ರಣರಂಗದ ಈ ಲೆಕ್ಕದಲ್ಲಿ ನಾಯಕ ಸೇನಾಪತಿಗಿಂತ ಮೇಲಿನವನು. ಅದೇ ಗ್ರಂಥದ ಐದನೆಯ ಅಧಿಕರಣದ ಸಂಬಳದ ಪಟ್ಟಿಯಲ್ಲಾದರೋ ಸೇನಾಪತಿಗೆ ಯುವರಾಜನಿಗೆ ಸಮನಾಗಿ 48,000 ಪಣ, ನಾಯಕನಿಗೆ 12,000 ಪಣ, ಪಳಗಿದ ಕಾಲಾಳಿಗೆ 500 ಪಣ. ಒಂದೇ ಪುಸ್ತಕದೊಳಗೆ ‘ಸೇನಾಪತಿ’ ಒಮ್ಮೆ ನೂರು ಅಂಗಗಳ ಯಜಮಾನ, ಇನ್ನೊಮ್ಮೆ ಇಡೀ ಸೇನೆಯ ಒಡೆಯ. ಹೀಗೆ ಪದ ಜಾರುವುದು ನಮ್ಮ ಕಾಲದ ರೋಗವೇನೂ ಅಲ್ಲ.

ಕನ್ನಡ ನಾಡಿನ ಶಾಸನಗಳಿಗೆ ಬಂದರೆ ಎದ್ದು ಕಾಣುವ ಹೆಸರು ದಂಡನಾಯಕ. ದಂಡು ಎಂದರೆ ಸೇನೆ ಎಂಬುದು ಇಂದಿಗೂ ಬದುಕಿರುವ ಅರ್ಥ. ಬೆಂಗಳೂರಿನ ಒಂದು ರೈಲು ನಿಲ್ದಾಣಕ್ಕೇ ದಂಡು ಎಂಬ ಹೆಸರಿದೆ. ಆದರೆ ಕಲ್ಯಾಣ ಚಾಲುಕ್ಯರ ಕಾಲದ ದಂಡನಾಯಕ ಬರಿಯ ಸೇನಾಧಿಕಾರಿಯಲ್ಲ. ಶಿರಸಿ ಸೀಮೆಯೂ ಸೇರಿದ್ದ ಬನವಾಸಿ ಪನ್ನಿರ್ಚ್ಛಾಸಿರದಂತಹ (ಬನವಾಸಿ ಹನ್ನೆರಡು ಸಾವಿರ) ದೊಡ್ಡ ಪ್ರಾಂತ್ಯಗಳನ್ನು ಆಳಿದವರಲ್ಲಿ ದಂಡನಾಯಕರೂ ಇದ್ದರು. ಸುಂಕ, ನ್ಯಾಯ, ದತ್ತಿ, ಯುದ್ಧ ಎಲ್ಲವೂ ಒಂದೇ ಕೈಯಲ್ಲಿ. ಹೊಯ್ಸಳ ವಿಷ್ಣುವರ್ಧನನ ಗಂಗರಾಜ ಮಹಾಪ್ರಧಾನನೂ ಹೌದು, ದಂಡನಾಯಕನೂ ಹೌದು. ವಿಜಯನಗರದ ಅಮರನಾಯಕ ಈ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದ. ಅರಸ ಅವನಿಗೆ ಸೀಮೆಯನ್ನು ಬಿಟ್ಟುಕೊಡುತ್ತಿದ್ದ. ಆ ಸೀಮೆಯ ಹುಟ್ಟುವಳಿಯಿಂದ ಗೊತ್ತುಮಾಡಿದಷ್ಟು ಆನೆ, ಕುದುರೆ, ಕಾಲಾಳುಗಳನ್ನು ಸಾಕಿ, ಕರೆ ಬಂದಾಗ ದಂಡಿನೊಂದಿಗೆ ಹೊರಡುವುದು ಅವನ ಕರ್ತವ್ಯ. ಅರಸನ ಕೈ ಸಡಿಲವಾದಾಗ ಅಂಥವರಲ್ಲಿ ಗಟ್ಟಿಯಾಗಿದ್ದವರು ತಾವೇ ಅರಸರಾದರು. ನಮ್ಮ ಕರಾವಳಿಯ ಬಹುಭಾಗವನ್ನು ಆಳಿದ ಕೆಳದಿಯವರು ರಾಜ್ಯವಾಳುವಾಗಲೂ ತಮ್ಮ ಹೆಸರಿನಲ್ಲಿ ನಾಯಕ ಎಂಬುದನ್ನೇ ಉಳಿಸಿಕೊಂಡರು. ನೀವು ನೆನೆದ ನಾಯಕರು ಇವರು.

ಪದ ಕೆಳಗಿಳಿದ ದಾರಿ ಬೇರೆ ದಿಕ್ಕಿನಿಂದ ಬಂತು. 1665ರಲ್ಲಿ ಬಸ್ರೂರನ್ನು ಕೊಳ್ಳೆ ಹೊಡೆದು, ಗೋಕರ್ಣ, ಅಂಕೋಲೆಗಳ ಮೂಲಕ ಕಾರವಾರದವರೆಗೆ ಬಂದ ಶಿವಾಜಿಯ ಸೇನೆಯ ಕಾಲಾಳುಗಳ ಏರ್ಪಾಟನ್ನು ನೋಡಿ. ಅಲ್ಲಿ ನಾಯಕ ಎಂದರೆ ಒಂಬತ್ತು ಹತ್ತು ಪಾಯಿಕರ ಮುಖ್ಯಸ್ಥ. ಐವರು ನಾಯಕರ ಮೇಲೆ ಒಬ್ಬ ಹವಾಲ್ದಾರ, ಕೆಲವು ಹವಾಲ್ದಾರರ ಮೇಲೆ ಜುಮ್ಲೆದಾರ, ಹತ್ತು ಜುಮ್ಲೆದಾರರ ಮೇಲೆ ಹಜಾರಿ, ಎಲ್ಲರ ಮೇಲೆ ಸರ್‌ನೌಬತ್. ಅದೇ ಕಾಲಕ್ಕೆ ಕೋಟೆಯ ಹವಾಲ್ದಾರ ಎಂದರೆ ಕೋಟೆಯ ಬೀಗದ ಕೈ ಇಟ್ಟುಕೊಂಡ ದೊಡ್ಡ ಅಧಿಕಾರಿ. ಅಂದರೆ ಕನ್ನಡ ನಾಡಿನ ನಾಯಕ ಅರಮನೆಯಲ್ಲಿ ಕುಳಿತಿದ್ದಾಗಲೇ ಮರಾಠರ ನಾಯಕ ಹತ್ತು ಜನರ ಜೊತೆ ಘಟ್ಟ ಹತ್ತುತ್ತಿದ್ದ.

ಈಸ್ಟ್ ಇಂಡಿಯಾ ಕಂಪನಿ ಹದಿನೆಂಟನೆಯ ಶತಮಾನದಲ್ಲಿ ಸಿಪಾಯಿಗಳ ಪಡೆಗಳನ್ನು ಕಟ್ಟಿದಾಗ, ಈ ನೆಲದ ಹೆಸರುಗಳನ್ನೇ ಬಳಸಿ ಬ್ರಿಟಿಷ್ ಏಣಿಯ ಕೆಳಗಿನ ಮೆಟ್ಟಿಲುಗಳಿಗೆ ಅಂಟಿಸಿತು. ಕಾರ್ಪೊರಲ್‌ಗೆ ನಾಯಕ್, ಸಾರ್ಜೆಂಟ್‌ಗೆ ಹವಾಲ್ದಾರ್. ಮೊಗಲರ ಕಾಲದಲ್ಲಿ ಇಡೀ ಸುಬೆಯನ್ನು, ಅಂದರೆ ಪ್ರಾಂತ್ಯವನ್ನು ಆಳುತ್ತಿದ್ದ ಸುಬೇದಾರನ ಹೆಸರು ನೂರು ಸಿಪಾಯಿಗಳ ನಡುವಿನ ಹಿರಿಯನಿಗೆ ಬಂತು. ಮೇಲಿನ ಮೆಟ್ಟಿಲುಗಳು ಮಾತ್ರ ಬಿಳಿಯರಿಗೆ ಮೀಸಲಾಗಿ, ಅವುಗಳ ಹೆಸರುಗಳೂ ಇಂಗ್ಲಿಷಿನಲ್ಲೇ ಉಳಿದವು. ನಮ್ಮ ರಾಜಪದವಿಗಳೆಲ್ಲ ಏಣಿಯ ಬುಡಕ್ಕೆ ಬಂದು ಸೇರಿದ್ದಕ್ಕೆ ಈ ಏರ್ಪಾಟೇ ದೊಡ್ಡ ಕಾರಣವೆಂದು ನಾನು ನಂಬುತ್ತೇನೆ. ಸ್ವಾತಂತ್ರ್ಯದ ನಂತರವೂ ಆ ಹೆಸರುಗಳು ಹಾಗೆಯೇ ಮುಂದುವರಿದವು. ಇಂದು ತೋಳಿನ ಮೇಲೆ ಎರಡು ಪಟ್ಟೆ ಇರುವವರು ನಾಯಕ್, ಮೂರು ಇರುವವರು ಹವಾಲ್ದಾರ್, ಒಂದೇ ಇರುವವರು ಲಾನ್ಸ್ ನಾಯಕ್.

ಆದರೂ ಅದನ್ನು ‘ಬಹಳ ಕೆಳಗಿನ ದರ್ಜೆ’ ಎಂದು ಬದಿಗೆ ಸರಿಸಬೇಡಿರೆಂದು ನಿಮ್ಮ ಮಗನಿಗೆ ಹೇಳಿ. 1944ರ ಜುಲೈ 10ರಂದು ಇಟಲಿಯ ಮೇಲಣ ಟೈಬರ್ ಕಣಿವೆಯಲ್ಲಿ ಮರಾಠಾ ಲಘು ಪದಾತಿದಳದ ಒಂದು ಚಿಕ್ಕ ತುಕಡಿ ಮೆಷಿನ್‌ಗನ್ನಿನ ಬಾಯಿಗೆ ಸಿಕ್ಕಿತು. ಅದರ ಮುಖ್ಯಸ್ಥನೊಬ್ಬನನ್ನು ಬಿಟ್ಟು ಉಳಿದವರೆಲ್ಲ ಸತ್ತರು ಅಥವಾ ಗಾಯಗೊಂಡರು. ಆ ಮುಖ್ಯಸ್ಥ ನಾಯಕ್ ಯಶವಂತ ಘಾಡ್ಗೆ. ಆತ ಒಬ್ಬನೇ ಮುನ್ನುಗ್ಗಿ ಆ ಗನ್ನನ್ನು ಅಡಗಿಸಿ ಅಲ್ಲೇ ಪ್ರಾಣ ಬಿಟ್ಟ, ಮರಣೋತ್ತರವಾಗಿ ವಿಕ್ಟೋರಿಯಾ ಕ್ರಾಸ್ ಪಡೆದ. ಜನರಲ್ ನಕಾಶೆಯ ಮೇಲೆ ಎಳೆದ ಗೆರೆಯನ್ನು ನೆಲದ ಮೇಲೆ ಹತ್ತು ಜನರನ್ನು ಹೆಸರು ಹಿಡಿದು ಕರೆದು ದಾಟಿಸುವವನು ನಾಯಕ್. ಪದದ ಮೂಲ ಅರ್ಥ ಅಲ್ಲಿ ಕಿಂಚಿತ್ತೂ ಸವೆದಿಲ್ಲ.

ಪ್ರಶ್ನೆ: ತಾಳಮದ್ದಳೆಯಲ್ಲಿ ‘ಹನ್ನೊಂದು ಅಕ್ಷೋಹಿಣಿ’ ಎಂಬ ಮಾತು ಬಂದಾಗಲೆಲ್ಲ ಲೆಕ್ಕ ಎಷ್ಟು ಎಂಬ ಚರ್ಚೆ ನಮ್ಮಲ್ಲಿ ಏಳುತ್ತದೆ. ಅತಿರಥ, ಮಹಾರಥ ಎಂಬುವು ಇಂದಿನ ಮೇಜರ್, ಕರ್ನಲ್‌ಗಳ ಹಾಗೆ ದರ್ಜೆಗಳೇ?
— ಹವ್ಯಾಸಿ ಅರ್ಥಧಾರಿ, ಶಿರಸಿ

ಲೆಕ್ಕವನ್ನು ಮಹಾಭಾರತದ ಆದಿಪರ್ವವೇ ಕೊಡುತ್ತದೆ. ಒಂದು ರಥ, ಒಂದು ಆನೆ, ಮೂರು ಕುದುರೆ, ಐವರು ಕಾಲಾಳು ಸೇರಿದರೆ ಒಂದು ಪತ್ತಿ. ಮೂರು ಪತ್ತಿ ಒಂದು ಸೇನಾಮುಖ, ಮೂರು ಸೇನಾಮುಖ ಒಂದು ಗುಲ್ಮ. ಹೀಗೆಯೇ ಮೂರು ಪಟ್ಟಾಗುತ್ತ ಗಣ, ವಾಹಿನಿ, ಪೃತನಾ, ಚಮೂ, ಅನೀಕಿನಿ. ಕೊನೆಯಲ್ಲಿ ಮಾತ್ರ ಹತ್ತು ಅನೀಕಿನಿಗಳಿಗೆ ಒಂದು ಅಕ್ಷೋಹಿಣಿ. ಅದರಲ್ಲಿ 21,870 ರಥ, ಅಷ್ಟೇ ಆನೆ, 65,610 ಕುದುರೆ, 1,09,350 ಕಾಲಾಳು. ಒಟ್ಟು 2,18,700. ಈ ಪ್ರತಿಯೊಂದು ಸಂಖ್ಯೆಯ ಅಂಕಿಗಳನ್ನು ಕೂಡಿಸಿ ನೋಡಿ, ಹದಿನೆಂಟೇ ಬರುತ್ತದೆ. ಹದಿನೆಂಟು ಪರ್ವ, ಹದಿನೆಂಟು ದಿನದ ಯುದ್ಧ, ಕೌರವರ ಹನ್ನೊಂದು ಮತ್ತು ಪಾಂಡವರ ಏಳು ಸೇರಿ ಹದಿನೆಂಟು ಅಕ್ಷೋಹಿಣಿ. ಇದು ಕವಿ ಕಟ್ಟಿದ ಲೆಕ್ಕ. ರಣರಂಗದ ಹಾಜರಿ ಪುಸ್ತಕವಲ್ಲ. ಅರ್ಥಧಾರಿಗಳಿಗೆ ಇದರಿಂದ ಒಂದು ಒಳ್ಳೆಯ ಮಾತು ಸಿಗಬಹುದು.

ಆದರೆ ಮೂರು ಪಟ್ಟಾಗಿ ಬೆಳೆಯುವ ಕ್ರಮ ಬರಿಯ ಕಲ್ಪನೆಯಲ್ಲ. ಇಂದಿನ ಪದಾತಿದಳದಲ್ಲೂ ಸುಮಾರು ಹತ್ತು ಜನರದು ಒಂದು ಸೆಕ್ಷನ್, ಮೂರು ಸೆಕ್ಷನ್ನಿಗೆ ಒಂದು ಪ್ಲಟೂನ್, ಮೂರು ಪ್ಲಟೂನಿಗೆ ಒಂದು ಕಂಪನಿ. ಮೇಲೆ ಹೋದರೆ ಸಾಮಾನ್ಯವಾಗಿ ಮೂರು ಬೆಟಾಲಿಯನ್ನಿಗೆ ಒಂದು ಬ್ರಿಗೇಡ್. ಎರಡು ತುಕಡಿಗಳು ಎದುರಿಗೆ ಹೋರಾಡುವಾಗ ಒಂದನ್ನು ಬೆನ್ನಿಗೆ ಇಟ್ಟುಕೊಳ್ಳಬಹುದು ಎಂಬುದು ಇದರ ಹಿಂದಿನ ತರ್ಕ. ಹತ್ತರಿಂದ ಎಣಿಸಿದವರು ಬೇರೆ. ಕೌಟಿಲ್ಯನ ಲೆಕ್ಕವನ್ನು ಮೇಲೆ ಹೇಳಿದೆ. ಚೆಂಗೀಸ್ ಖಾನನ ಮಂಗೋಲರು ಹತ್ತು, ನೂರು, ಸಾವಿರ, ಹತ್ತು ಸಾವಿರ ಎಂದು ಪಡೆಗಳನ್ನು ಕಟ್ಟಿದರು. ಅಕ್ಬರನ ಅಧಿಕಾರಿಗಳ ದರ್ಜೆಯ ಏರ್ಪಾಟಾದ ಮನ್ಸಬ್‌ದಾರಿಯೂ ಹತ್ತರ ಮನ್ಸಬಿನಿಂದಲೇ ಮೇಲೇರುತ್ತಿತ್ತು. ರೋಮನ್ನರ ಸೆಂಚುರಿಯನ್ ಎಂಬ ಹೆಸರಿನಲ್ಲಿ ನೂರು ಇದ್ದರೂ ಅವನ ಕೈಕೆಳಗೆ ಸಾಮಾನ್ಯವಾಗಿ ಇರುತ್ತಿದ್ದುದು 80 ಜನ.

ಇನ್ನು ಅತಿರಥ, ಮಹಾರಥಗಳು. ಇವು ದರ್ಜೆಗಳಲ್ಲ, ಒಬ್ಬ ಯೋಧನ ಸಾಮರ್ಥ್ಯಕ್ಕೆ ಕಟ್ಟಿದ ಬೆಲೆ. ಉದ್ಯೋಗಪರ್ವದಲ್ಲಿ ದುರ್ಯೋಧನ ಕೇಳಿದಾಗ ಭೀಷ್ಮ ಎರಡೂ ಕಡೆಯ ವೀರರನ್ನು ರಥ, ಅತಿರಥ ಎಂದು ಎಣಿಸುತ್ತ ಬಂದು, ಕರ್ಣನನ್ನು ಅರ್ಧರಥ ಎಂದುಬಿಡುತ್ತಾನೆ. ಕೆರಳಿದ ಕರ್ಣ, ಭೀಷ್ಮ ಬೀಳುವವರೆಗೆ ತಾನು ಶಸ್ತ್ರ ಹಿಡಿಯುವುದಿಲ್ಲ ಎನ್ನುತ್ತಾನೆ. ಇಲ್ಲಿ ಸೇನಾಧಿಪತ್ಯ ಒಂದು ಹುದ್ದೆ. ಅದು ಭೀಷ್ಮನ ಬಳಿ ಹತ್ತು ದಿನ, ದ್ರೋಣನ ಬಳಿ ಐದು ದಿನ, ಕರ್ಣನ ಬಳಿ ಎರಡು ದಿನ ಇದ್ದು, ಕೊನೆಯ ದಿನ ಶಲ್ಯನಿಗೆ ಬಂತು. ಅರ್ಧರಥ ಎನಿಸಿಕೊಂಡವನೇ ಯುದ್ಧದ ಹದಿನೈದು ದಿನಗಳ ಬಳಿಕ ಸೇನಾಧಿಪತಿಯಾದ. ಭೀಷ್ಮ ಆಡಿದ್ದು ಕರ್ಣನ ಯೋಗ್ಯತೆಯ ಮಾತು. ಅದನ್ನು ಆಡಿದ್ದು ಸೇನಾಧಿಪತಿಯ ಪೀಠದಿಂದ ಎಂಬುದರಿಂದಲೇ ಅದು ಕೌರವ ಪಾಳಯದ ದೊಡ್ಡ ಬಿಲ್ಲಾಳನ್ನು ಹತ್ತು ದಿನ ಕೂರಿಸಿತು. ಮುಂದಿನ ಬಾರಿ ಕರ್ಣನ ಪಾತ್ರ ನಿಮ್ಮ ಪಾಲಿಗೆ ಬಂದಾಗ ಈ ಎಳೆಯನ್ನು ಹಿಡಿದು ನೋಡಿ.

ಪ್ರಶ್ನೆ: ಜನರಲ್‌ಗಿಂತ ಮೇಲೆ ಯಾರು? ರಕ್ಷಣಾ ಪಡೆಗಳ ಮುಖ್ಯಸ್ಥರು ಫೀಲ್ಡ್ ಮಾರ್ಷಲ್‌ಗೆ ಸಮಾನರೇ?
— ಅಂಗಡಿಕಾರ, ಭಟ್ಕಳ

ದರ್ಜೆಯ ಲೆಕ್ಕದಲ್ಲಿ ಜನರಲ್‌ಗಿಂತ ಮೇಲಿರುವುದು ಫೀಲ್ಡ್ ಮಾರ್ಷಲ್ ಮಾತ್ರ. ಅದು ಇಬ್ಬರಿಗೆ ಸಂದಿದೆ: 1973ರಲ್ಲಿ ಸ್ಯಾಮ್ ಮಾಣೆಕ್‌ಷಾ ಅವರಿಗೆ, 1986ರಲ್ಲಿ ನಮ್ಮ ಕೊಡಗಿನ ಕೆ.ಎಂ. ಕಾರ್ಯಪ್ಪನವರಿಗೆ. ವಾಯುಪಡೆಯಲ್ಲಿ ಇದಕ್ಕೆ ಸಮನಾದ ದರ್ಜೆ 2002ರಲ್ಲಿ ಅರ್ಜನ್ ಸಿಂಗ್ ಅವರಿಗೆ ಸಂದಿತು. 2020ರ ಜನವರಿ 1ರಂದು ಜನರಲ್ ಬಿಪಿನ್ ರಾವತ್ ಅವರಿಂದ ಆರಂಭವಾದ ರಕ್ಷಣಾ ಪಡೆಗಳ ಮುಖ್ಯಸ್ಥ ಎಂಬುದು ಹುದ್ದೆ. ಅದರಲ್ಲಿರುವವರ ದರ್ಜೆ ಮೂರೂ ಪಡೆಗಳ ಮುಖ್ಯಸ್ಥರ ದರ್ಜೆಗೆ ಸಮವೇ. ಎಲ್ಲರ ಮೇಲೆ, ಸಂವಿಧಾನದ 53ನೇ ವಿಧಿಯ ಪ್ರಕಾರ, ಪರಮಾಧಿಕಾರಿ ರಾಷ್ಟ್ರಪತಿ. ಭೂಸೇನೆಯ ಮುಖ್ಯಸ್ಥರಿಗೆ ಮೊದಲಿದ್ದ ಕಮಾಂಡರ್ ಇನ್ ಚೀಫ್ ಎಂಬ ಹೆಸರನ್ನು 1955ರ ಏಪ್ರಿಲ್ 1ರಿಂದ ತೆಗೆದುಹಾಕಲಾಯಿತು.

ಪ್ರಶ್ನೆ: ಅಜ್ಜನ ಪೆಟ್ಟಿಗೆಯಲ್ಲಿ ಒಂದು ಹಳೆಯ ಭಾವಚಿತ್ರವೂ 1946ರ ಬಿಡುಗಡೆ ಪತ್ರವೂ ಸಿಕ್ಕಿವೆ. ಚಿತ್ರದಲ್ಲಿ ಅವರ ಭುಜದ ಮೇಲೆ ಒಂದು ನಕ್ಷತ್ರವಿದೆ. ಪತ್ರದಲ್ಲಿ ‘ಜಮಾದಾರ್’ ಎಂದಿದೆ. ಜಮಾದಾರ ಎಂದರೆ ಕಚೇರಿಯ ಜವಾನ ಅಲ್ಲವೇ? ಅಜ್ಜ ಮರಾಠಾ ಪಡೆಯಲ್ಲಿ ದೊಡ್ಡ ಕೆಲಸದಲ್ಲಿದ್ದರು ಎಂದು ನಮ್ಮ ತಂದೆಯವರು ಹೇಳುತ್ತಿದ್ದರು.
— ಶಿಕ್ಷಕಿ, ಹಳಿಯಾಳ

ನಿಮ್ಮ ತಂದೆಯವರು ಹೇಳಿದ್ದು ನಿಜ. ಊರಿನ ಬಳಕೆಯಲ್ಲಿ ಜಮಾದಾರ ಎಂಬ ಮಾತಿನ ಅರ್ಥ ಏನೇ ಆಗಿರಲಿ, ಅಂದಿನ ಸೇನೆಯಲ್ಲಿ ಜಮಾದಾರ್ ಎಂದರೆ ವೈಸ್‌ರಾಯ್ ಕಮಿಷನ್ ಪಡೆದ ಅಧಿಕಾರಿ. ಸಿಪಾಯಿಯಾಗಿ ಸೇರಿ, ನಾಯಕ್, ಹವಾಲ್ದಾರ್ ಆಗಿ, ಹಲವು ವರ್ಷ ಸೇವೆ ಸಲ್ಲಿಸಿದವರಲ್ಲಿ ಕೆಲವರಿಗಷ್ಟೇ ಅದು ದೊರೆಯುತ್ತಿತ್ತು. ಭುಜದ ಮೇಲಿನ ಒಂದು ನಕ್ಷತ್ರ ಅದರದೇ ಗುರುತು. ಸುಮಾರು ಮೂವತ್ತು ಜನರ ಪ್ಲಟೂನಿನ ಹೊಣೆ ಅಂಥವರದು. ಸ್ವಾತಂತ್ರ್ಯದ ನಂತರ ಈ ವರ್ಗಕ್ಕೆ ಜೂನಿಯರ್ ಕಮಿಷನ್ಡ್ ಆಫೀಸರ್ ಎಂಬ ಹೆಸರು ಬಂತು. 1965ರಲ್ಲಿ ಜಮಾದಾರ್ ಎಂಬುದು ನಾಯಬ್ ಸುಬೇದಾರ್ ಆಯಿತು. ಈ ಅಂಕಣದ ಆರಂಭದಲ್ಲಿ ಹೇಳಿದ ರಾಣೆಯವರೂ ಅಧಿಕಾರಿಯಾಗುವ ಮೊದಲು ನಿಂತದ್ದು ಇದೇ ಮೆಟ್ಟಿಲಿನ ಮೇಲೆ.

ಆ ನಕ್ಷತ್ರಕ್ಕೆ ಒಂದು ಮಿತಿಯೂ ಇತ್ತು ಎಂಬುದನ್ನು ನೀವು ತಿಳಿದಿರಬೇಕು. ಬ್ರಿಟಿಷರ ಕಾಲದಲ್ಲಿ ಇಪ್ಪತ್ತೈದು ವರ್ಷ ಸೇವೆ ಮಾಡಿದ ಸುಬೇದಾರ್ ಮೇಜರ್ ಕೂಡ, ನಿನ್ನೆ ಇಂಗ್ಲೆಂಡಿನಿಂದ ಹಡಗಿಳಿದ ಇಪ್ಪತ್ತರ ಹರೆಯದ ಸೆಕೆಂಡ್ ಲೆಫ್ಟಿನೆಂಟ್‌ಗೆ ಸೆಲ್ಯೂಟ್ ಹೊಡೆಯಬೇಕಾಗಿತ್ತು, ಅವನ ಆಜ್ಞೆಯಲ್ಲೇ ಇರಬೇಕಾಗಿತ್ತು. ಪೂರ್ಣ ಅಧಿಕಾರಿಯ ಸ್ಥಾನ ಕೊಡುವ ರಾಜನ ಕಮಿಷನ್ ಭಾರತೀಯರಿಗೆ ತೆರೆದದ್ದು ಮೊದಲ ಮಹಾಯುದ್ಧದ ಕೊನೆಯ ಹೊತ್ತಿಗೆ. ಇಂದೋರಿನಲ್ಲಿ ತರಬೇತಿ ಪಡೆದು 1919ರಲ್ಲಿ ಅಧಿಕಾರಿಗಳಾದ ಮೊದಲ ತಂಡದಲ್ಲಿ ಕಾರ್ಯಪ್ಪನವರಿದ್ದರು. ಡೆಹ್ರಾಡೂನಿನ ಸೇನಾ ಅಕಾಡೆಮಿ ಆರಂಭವಾದದ್ದು 1932ರಲ್ಲಿ. ನಿಮ್ಮ ಅಜ್ಜನಂಥ ಸಾವಿರಾರು ಜನರಿಗೆ ಏಣಿ ನಿಲ್ಲುತ್ತಿದ್ದುದು ಅವರ ಯೋಗ್ಯತೆಯಿಂದಲ್ಲ, ಹುಟ್ಟಿದ ದೇಶದಿಂದ. ಈ ಅನ್ಯಾಯವನ್ನು ಮರೆತು ಹಳೆಯ ಭಾವಚಿತ್ರಗಳನ್ನು ನೋಡುವುದು ನನ್ನಿಂದ ಆಗದು.

ಇಂದಿನ ಸೇನೆಯಲ್ಲಿ ಈ ವರ್ಗದವರನ್ನು ಕಿರಿಯ ಅಧಿಕಾರಿಗಳೂ ‘ಸಾಹೇಬ್’ ಎಂದೇ ಕರೆಯುತ್ತಾರೆ. ಗುರುತಿನಲ್ಲಿ ಜನ ತಪ್ಪುವುದು ಇಲ್ಲೇ: ಸುಬೇದಾರರಿಗೂ ಎರಡು ನಕ್ಷತ್ರ, ಲೆಫ್ಟಿನೆಂಟ್‌ಗೂ ಎರಡು ನಕ್ಷತ್ರ. ಸುಬೇದಾರರ ನಕ್ಷತ್ರದ ಕೆಳಗೆ ಕೆಂಪು ಹಳದಿ ಬಣ್ಣದ ಕಿರಿದಾದ ಅಡ್ಡಪಟ್ಟಿಯೊಂದು ಇರುತ್ತದೆ, ಅಧಿಕಾರಿಗಳಿಗೆ ಅದು ಇರುವುದಿಲ್ಲ.

ನಿಮ್ಮ ಬಿಡುಗಡೆ ಪತ್ರದಲ್ಲಿ ದರ್ಜೆಯ ಜೊತೆಗೆ ಸೈನಿಕ ಸಂಖ್ಯೆ, ಪಡೆಯ ಹೆಸರು, ಸೇರಿದ ಮತ್ತು ಬಿಟ್ಟ ದಿನಾಂಕಗಳು ಇರಬೇಕು. ಮಡಿಕೆಯಲ್ಲಿ ಹರಿಯುವ ಮೊದಲು ಅದನ್ನು ಬಿಡಿಸಿಟ್ಟು, ಎರಡೂ ಬದಿಯ ಸ್ಪಷ್ಟವಾದ ಪ್ರತಿ ತೆಗೆಸಿಕೊಳ್ಳಿ. ಹಳೆಯ ಕಾಗದದ ಮೇಲೆ ಪ್ಲಾಸ್ಟಿಕ್ ಅಂಟಿಸಬೇಡಿ. ಮರಾಠಾ ಲಘು ಪದಾತಿದಳದ ಕೇಂದ್ರ ನಿಮಗೆ ಹತ್ತಿರದ ಬೆಳಗಾವಿಯಲ್ಲೇ ಇದೆ. ಈ ವಿವರಗಳೊಂದಿಗೆ ಅಲ್ಲಿನ ದಾಖಲೆ ವಿಭಾಗಕ್ಕೆ ಬರೆದು ಕೇಳಬಹುದು. ಭಾವಚಿತ್ರದ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಏನಾದರೂ ಬರೆದಿದೆಯೇ ಎಂದು ಒಮ್ಮೆ ಬೆಳಕಿಗೆ ಹಿಡಿದು ನೋಡಿ; ಊರಿನ ಹೆಸರೋ ತುಕಡಿಯ ಅಕ್ಷರವೋ ಸಿಕ್ಕಿದರೆ ಅದನ್ನೂ ಪತ್ರದಲ್ಲಿ ಸೇರಿಸಿ.